ಐಫೋನಿಗೆ ಬದಲಾಗೋದಿದ್ದರೆ ಬಟವಾಡೆ ಮುಗಿಸಿ, ಭಾನುವಾರ ಕೂತುಕೊಳ್ಳಿ

ಆಲ್ದೂರಿನ ಹತ್ತಿರ ನಮ್ಮ ದೊಡ್ಡಪ್ಪನದು ಎಂಟು ಎಕರೆ ಕಾಫಿ ತೋಟ. ಬೆಂಗಳೂರಿನಲ್ಲಿರುವ ಮಗಳು ಕಳೆದ ಮಳೆಗಾಲದಲ್ಲಿ ಊರಿಗೆ ಬಂದಿದ್ದಳು. ಗಾಜು ಒಡೆದು ಮೇಲೆ ಟೇಪ್ ಅಂಟಿಸಿಕೊಂಡಿದ್ದ ಅಪ್ಪನ ಆಂಡ್ರಾಯ್ಡ್ ಫೋನ್ ನೋಡಿ ಬೇಜಾರಾಗಿ, ಹೊಸದೊಂದು ಐಫೋನ್ ತರಿಸಿ ಅವರ ಕೈಗಿಟ್ಟಳು. ಹೊರಡುವ ಗಡಿಬಿಡಿಯಲ್ಲಿ ಹಳೇದರ ಸಿಮ್ ಕಿತ್ತು ಹೊಸದಕ್ಕೆ ತೂರಿಸಿ, ಸೆಟ್ಟಿಂಗ್ಸ್‌ನಲ್ಲಿ ಕೇಳಿದ್ದಕ್ಕೆಲ್ಲ ಮುಂದೆ ಮುಂದೆ ಅಂತ ಒತ್ತಿ, "ಆಯ್ತಪ್ಪಾ, ಎಲ್ಲಾ ರೆಡಿ" ಅಂದು ಬಸ್ಸು ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ನನಗೆ ಫೋನ್.

"ಮಾರಾಯ, ಇದ್ರಲ್ಲಿ ಎಂತದೂ ಇಲ್ಲ. ವಾಟ್ಸಾಪ್ ಬಟಾಬಯಲು. ಗೊಬ್ಬರದಂಗಡಿಗೆ ದುಡ್ಡು ಹಾಕಾಣ ಅಂದ್ರೆ ಅದೂ ಹೋಗ್ತಿಲ್ಲ. ನಾಳೆ ಆಳುಗಳಿಗೆ ಕೂಲಿ ಬಟವಾಡೆ ಬೇರೆ."

"ಹಳೇ ಫೋನ್ ಎಲ್ಲಿದೆ ದೊಡ್ಡಪ್ಪ?"

"ಇಲ್ಲೇ ಇದೆ. ಎಲ್ಲಾ ಅಳಿಸಿ ನಿಮ್ ದೊಡ್ಡಮ್ಮನ ತಂಗಿ ಮಗನಿಗೆ ಕೊಡಿ ಅಂದಿದಾಳೆ."

"ಅಳಿಸ್ಬೇಡಿ. ಅದನ್ನ ಮುಟ್ಟಲೇಬೇಡಿ. ನಾನು ಬರ್ತೀನಿ."

ಚಿಕ್ಕಮಗಳೂರಿನಲ್ಲಿರುವ ನನಗೆ ನಂಟರ ಫೋನ್ ರಿಪೇರಿ ಒಂಥರಾ ಬಿಟ್ಟಿ ನೌಕರಿ. ಆಂಡ್ರಾಯ್ಡ್‌ನಿಂದ ಐಫೋನಿಗೆ, ಐಫೋನಿಂದ ಆಂಡ್ರಾಯ್ಡ್‌ಗೆ ಹೋದವರನ್ನು ಹತ್ತಾರು ಸಲ ನೋಡಿದ್ದೇನೆ. ಎಡವುವುದು ಎಲ್ಲರೂ ಒಂದೇ ಜಾಗದಲ್ಲಿ. ಫೋನಿನಲ್ಲಿರುವುದೆಲ್ಲ ಫೋನಿನೊಳಗೇ ಇದೆ ಅಂತಲೋ, ಇಲ್ಲವೇ ಎಲ್ಲವೂ ಸಿಮ್ಮಿನ ಹಿಂದೆಯೇ ಬರುತ್ತೆ ಅಂತಲೋ ಅಂದುಕೊಂಡಿರುತ್ತಾರೆ. ಎರಡೂ ಸರಿಯಲ್ಲ.

ಯಾವುದು ಎಲ್ಲಿರುತ್ತೆ

ಕೆಲವು ನಂಬರಿಗೆ ಅಂಟಿದವು. ಕರೆ, ಎಸ್ಸೆಮ್ಮೆಸ್, ಬ್ಯಾಂಕಿನ ಒಟಿಪಿ ಇಂಥವು. ಕಾಫಿ ಬೋರ್ಡ್ 2018ರಲ್ಲಿ ನಮ್ಮ ಜಿಲ್ಲೆ ಮತ್ತು ಹಾಸನದಲ್ಲಿ ಶುರುಮಾಡಿದ ಕಾಫಿ ಕೃಷಿ ತರಂಗದ ಬೆಳೆ ಸಲಹೆಯ ಧ್ವನಿ ಸಂದೇಶ ಕೂಡ ಬರೋದು ನಂಬರಿಗೇ. ಕೀಪ್ಯಾಡ್ ಫೋನ್ ಇದ್ದರೂ ಬರುತ್ತೆ. ಇವುಗಳ ಚಿಂತೆ ಬೇಡ, ಸಿಮ್ ಎಲ್ಲಿದೆಯೋ ಅಲ್ಲಿಗೆ ಬರುತ್ತವೆ.

ಕೆಲವು ಖಾತೆಗೆ ಸೇರಿದವು. ಜಿಮೇಲ್, ಗೂಗಲ್ ಫೋಟೋಸ್‌ಗೆ ಏರಿಸಿದ ಫೋಟೋಗಳು, ಡಿಜಿಲಾಕರಿನ ಕಾಗದಪತ್ರ. ಇವು ಇರುವುದು ಯಾವುದೋ ದೂರದ ಸರ್ವರಿನಲ್ಲಿ. ಪಾಸ್‌ವರ್ಡ್ ನೆನಪಿದ್ದರೆ ಯಾವ ಫೋನಿನಲ್ಲಿ ಬೇಕಾದರೂ ಬಾಗಿಲು ತೆರೆಯುತ್ತೆ. ನಮ್ಮ ದೊಡ್ಡಪ್ಪನಂಥವರ ತೊಂದರೆ ಏನೆಂದರೆ ಜಿಮೇಲ್ ಖಾತೆ ಮಾಡಿಕೊಟ್ಟವನು ಐದು ವರ್ಷದ ಹಿಂದೆ ಫೋನ್ ಮಾರಿದ ಅಂಗಡಿಯ ಹುಡುಗ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಹಳೇ ಫೋನಿನಲ್ಲಿ ಇನ್ನೂ ಲಾಗಿನ್ ಆಗಿಯೇ ಇರುವಾಗ ಪಾಸ್‌ವರ್ಡ್ ಬದಲಾಯಿಸಿಕೊಳ್ಳೋದು ಸಲೀಸು. ಅದನ್ನು ಮೊದಲು ಮಾಡಿ, ಡೈರಿಯ ಹಿಂದಿನ ಪುಟದಲ್ಲಿ ಬರೆದಿಡಿ. ಪಾಸ್‌ವರ್ಡ್ ಬರೆದಿಡಬಾರದು ಅನ್ನುವವರು ಅನ್ನಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಡೈರಿ ಮರೆತುಹೋದ ಪಾಸ್‌ವರ್ಡಿಗಿಂತ ಎಷ್ಟೋ ವಾಸಿ.

ಮೂರನೇ ಜಾತಿಯವು ಫೋನಿನ ಹೊಟ್ಟೆಯಲ್ಲೇ ಇರುವಂಥವು. ವಾಟ್ಸಾಪಿನ ಹಳೇ ಮಾತುಕತೆ, ಡೌನ್‌ಲೋಡ್ ಮಾಡಿದ ಕಾಗದ, ರೆಕಾರ್ಡ್ ಆದ ಕರೆಗಳು, ಫೋನ್ ಕಂಪನಿಯದೇ ನೋಟ್ಸ್ ಆಪಿನಲ್ಲಿ ಬರೆದುಕೊಂಡ ಲೆಕ್ಕ. ಕೈಯಾರೆ ಸಾಗಿಸದಿದ್ದರೆ ಇವು ಅಲ್ಲೇ ಉಳಿಯುತ್ತವೆ.

ನಾಲ್ಕನೆಯದು ಯುಪಿಐ ಮತ್ತು ಬ್ಯಾಂಕಿನ ಆಪುಗಳು. ಇವಕ್ಕೆ ನಂಬರೂ ಬೇಕು, ಅದೇ ಫೋನೂ ಬೇಕು. ಎರಡನ್ನೂ ಸೇರಿಸಿ ಗಂಟು ಹಾಕಿರುತ್ತಾರೆ, ಒಂದು ಬದಲಾದರೂ ಗಂಟು ಬಿಚ್ಚಿಹೋಗುತ್ತೆ.

ಎರಡೂ ಫೋನನ್ನು ಅಕ್ಕಪಕ್ಕ ಇಟ್ಟು ಒಂದೇ ಸಲ ಎಲ್ಲ ಸುರಿದುಕೊಳ್ಳಲು ಯಾಕಾಗಲ್ಲ ಅಂತ ದೊಡ್ಡಪ್ಪ ಕೇಳಿದರು. ತೋಟದ ಲೈನ್ ಮನೆಗಳನ್ನೇ ತೋರಿಸಿದೆ. ಒಂದೇ ಸೂರು, ಒಂದೇ ಸಾಲು, ಆದರೆ ಪ್ರತಿ ಮನೆಗೂ ಬೇರೆ ಬೀಗ. ಫೋನಿನಲ್ಲಿ ಪ್ರತಿ ಆಪೂ ಹಾಗೇ. ಒಂದರ ಸಾಮಾನನ್ನು ಇನ್ನೊಂದು ಮುಟ್ಟದ ಹಾಗೆ ಬೇಕೆಂದೇ ಕಟ್ಟಿರುತ್ತಾರೆ, ಇಲ್ಲದಿದ್ದರೆ ಯಾವುದೋ ಪುಕ್ಕಟೆ ಆಟದ ಆಪ್ ನಿಮ್ಮ ಬ್ಯಾಂಕಿನ ಆಪನ್ನು ಜಾಲಾಡಬಹುದು. ಸಾಗಿಸುವ ಆಪಿನ ಹತ್ತಿರ ಕೆಲವು ಮನೆಗಳ ಬೀಗದ ಕೈ ಮಾತ್ರ ಇರುತ್ತೆ. ಮೇಲಾಗಿ ಆಂಡ್ರಾಯ್ಡ್‌ಗೆ ಬರೆದ ಆಪು ಐಫೋನಿನಲ್ಲಿ ಓಡಲ್ಲ. ಅದೇ ಹೆಸರಿನ ಬೇರೆ ಆಪನ್ನು ಆಪಲ್‌ನ ಆಪ್ ಸ್ಟೋರಿನಿಂದ ಹೊಸದಾಗಿ ಇಳಿಸಿಕೊಳ್ಳಬೇಕು. ಪ್ಲೇ ಸ್ಟೋರಿನಲ್ಲಿ ದುಡ್ಡು ಕೊಟ್ಟು ಕೊಂಡ ಆಪಿದ್ದರೆ ಆ ದುಡ್ಡು ಅಲ್ಲಿಗೇ ಮುಗೀತು. ತಿಂಗಳ ಚಂದಾ ಕಟ್ಟಾಗುತ್ತಿದ್ದರೆ ಅದನ್ನು ಪ್ಲೇ ಸ್ಟೋರಿಗೇ ಹೋಗಿ ನಿಲ್ಲಿಸಬೇಕು, ಫೋನ್ ಬದಲಾಯಿತು ಅಂತ ತಾನಾಗಿ ನಿಲ್ಲಲ್ಲ. ನೀವು ದಿನಾ ಬಳಸುವ ಸಣ್ಣಪುಟ್ಟ ಆಪುಗಳು, ಅದರಲ್ಲೂ ಜಮೀನು, ಬೆಳೆ, ಸಹಕಾರ ಸಂಘಕ್ಕೆ ಸಂಬಂಧಪಟ್ಟವು, ಐಫೋನಿಗೆ ಇವೆಯೋ ಇಲ್ಲವೋ ಅಂತ ಕೊಳ್ಳುವ ಮುಂಚೆಯೇ ಯಾರದ್ದಾದರೂ ಐಫೋನಿನಲ್ಲಿ ಹುಡುಕಿ ನೋಡಿ.

ವಾಟ್ಸಾಪ್, ಒಂದೇ ಒಂದು ಅವಕಾಶ

ಎಲ್ಲಕ್ಕಿಂತ ಹೆಚ್ಚು ಜನ ಕಳೆದುಕೊಳ್ಳುವುದು ಇದನ್ನೇ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಹೋಗಿ ಕೂರುವುದು ಗೂಗಲ್ ಖಾತೆಯಲ್ಲಿ, ಐಫೋನಿನದು ಆಪಲ್‌ನ ಐಕ್ಲೌಡ್‌ನಲ್ಲಿ. ಒಬ್ಬರ ಬ್ಯಾಕಪ್ ಇನ್ನೊಬ್ಬರ ಫೋನಿಗೆ ಇಳಿಯಲ್ಲ. "ದಿನಾ ರಾತ್ರಿ ಎರಡಕ್ಕೆ ಬ್ಯಾಕಪ್ ಆಗ್ತದೆ" ಅಂತ ಧೈರ್ಯವಾಗಿದ್ದವರೆಲ್ಲ ಐಫೋನ್ ಹಿಡಿದ ಮೇಲೆ ಕೈಕೈ ಹಿಸುಕಿಕೊಳ್ಳೋದು ಇದಕ್ಕೇ.

2022ರಿಂದ ಒಂದು ದಾರಿ ಇದೆ. ಆಪಲ್‌ನವರದೇ ಮೂವ್ ಟು ಐಒಎಸ್ ಅನ್ನುವ ಆಪು, ಹಳೇ ಆಂಡ್ರಾಯ್ಡ್ ಫೋನಿಗೆ ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಬೇಕು. ಅದು ಕಾಂಟ್ಯಾಕ್ಟ್, ಎಸ್ಸೆಮ್ಮೆಸ್, ಫೋಟೋ, ವೀಡಿಯೋ, ಕ್ಯಾಲೆಂಡರ್ ಜೊತೆಗೆ ವಾಟ್ಸಾಪನ್ನೂ ಹೊತ್ತು ತರುತ್ತೆ. ಷರತ್ತು ಒಂದೇ, ಆದರೆ ಗಟ್ಟಿಯಾದದ್ದು: ಐಫೋನ್ ಹೊಚ್ಚಹೊಸದಾಗಿರಬೇಕು, ಅಂದರೆ ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ಸೆಟಪ್ ಮಾಡುತ್ತಿರುವಾಗಲೇ ಈ ಕೆಲಸ ಆಗಬೇಕು. ನಮ್ಮ ತಂಗಿ ಮುಂದೆ ಮುಂದೆ ಅಂತ ಒತ್ತಿ ದಾಟಿಹೋಗಿದ್ದು ಈ ಬಾಗಿಲನ್ನೇ. ಒಮ್ಮೆ ದಾಟಿದ ಮೇಲೆ ವಾಟ್ಸಾಪ್ ಬೇಕೆಂದರೆ ಐಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರುಮಾಡಬೇಕು. ನಾವು ಹಾಗೇ ಮಾಡಿದೆವು. ಒಂದೇ ದಿನದ ಬಳಕೆಯಾದ್ದರಿಂದ ಅಳಿಸಲು ಏನೂ ಇರಲಿಲ್ಲ, ಪುಣ್ಯ.

ಸಿಮ್ಮನ್ನು ವಾಪಸ್ ಹಳೇ ಫೋನಿಗೆ ಹಾಕಿ ಅಲ್ಲಿ ವಾಟ್ಸಾಪ್ ಮತ್ತೆ ತೆರೆಸಿದೆ. ಪದೇ ಪದೇ ಒಟಿಪಿ ಕೇಳಿದರೆ ವಾಟ್ಸಾಪ್ ಗಂಟೆಗಟ್ಟಲೆ ಕಾಯಿಸುತ್ತೆ, ಹಾಗಾಗಿ ಸುಮ್ಮನೆ ಒತ್ತುತ್ತಾ ಕೂರಬೇಡಿ. ಎರಡು ಹಂತದ ಆರಂಕಿ ಪಿನ್ ಹಾಕಿಕೊಂಡಿದ್ದರೆ ಅದು ನೆನಪಿದೆಯೇ ಅಂತಲೂ ಮೊದಲೇ ನೋಡಿಕೊಳ್ಳಿ. ಮರೆತು, ಇಮೇಲನ್ನೂ ಕೊಟ್ಟಿರದಿದ್ದರೆ ಏಳು ದಿನ ಕಾಯಬೇಕಾಗುತ್ತೆ. ಆಮೇಲೆ ಸ್ಟೋರೇಜಿಗೆ ಹೋಗಿ ಗುಡಿಸಿದೆವು. ದೊಡ್ಡಪ್ಪನ ವಾಟ್ಸಾಪಿನಲ್ಲಿ ಹನ್ನೊಂದು ಜಿಬಿ ಇತ್ತು, ಅದರಲ್ಲಿ ಮುಕ್ಕಾಲು ಪಾಲು ಗುಲಾಬಿ ಹೂವಿನ ಮೇಲೆ ಶುಭೋದಯ ಅಂತ ಬರೆದದ್ದೇ. ಐಫೋನಿಗೆ ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲ, ಇರುವಷ್ಟರಲ್ಲೇ ಎಲ್ಲ ಹಿಡಿಸಬೇಕು. ಕಾರ್ಡಿನಲ್ಲಿರುವುದನ್ನೂ ಸೇರಿಸಿ ಲೆಕ್ಕ ಹಾಕಿ.

ಸಾಗಿಸುವುದು ಹೀಗೆ. ಎರಡನ್ನೂ ಚಾರ್ಜಿಗೆ ಹಾಕಿ. ಐಫೋನಿನ ಸೆಟಪ್ಪಿನಲ್ಲಿ ಆಪು ಮತ್ತು ಡೇಟಾ ಎಲ್ಲಿಂದ ತರಲಿ ಅಂತ ಕೇಳುವ ಪರದೆ ಬಂದಾಗ ಆಂಡ್ರಾಯ್ಡ್ ಆರಿಸಿ. ಅದೊಂದು ಕೋಡ್ ತೋರಿಸುತ್ತೆ, ಅದನ್ನು ಹಳೇ ಫೋನಿನ ಮೂವ್ ಟು ಐಒಎಸ್‌ನಲ್ಲಿ ಒತ್ತಿ. ಐಫೋನ್ ತನ್ನದೇ ಒಂದು ತಾತ್ಕಾಲಿಕ ವೈಫೈ ಎಬ್ಬಿಸುತ್ತೆ, ಹಳೇ ಫೋನ್ ಅದಕ್ಕೆ ಸೇರಿಕೊಳ್ಳುತ್ತೆ. ಏನೇನು ಬೇಕು ಅನ್ನುವ ಪಟ್ಟಿಯಲ್ಲಿ ವಾಟ್ಸಾಪ್ ಒತ್ತಿದರೆ ಅದು ನಿಮ್ಮನ್ನು ವಾಟ್ಸಾಪಿನೊಳಗೆ ಕರೆದುಕೊಂಡು ಹೋಗಿ ಡೇಟಾ ಕಟ್ಟಿಸಿ, ಹಳೇ ಫೋನಿನಲ್ಲಿ ಲಾಗ್‌ಔಟ್ ಮಾಡಿಸಿ ವಾಪಸ್ ತರುತ್ತೆ. ಫೋನಿಂದ ಫೋನಿಗೆ ನೇರ ಸಾಗುವುದರಿಂದ ಈ ಹೊತ್ತಿನಲ್ಲಿ ನಿಮ್ಮ ಡೇಟಾ ಪ್ಯಾಕ್ ಖರ್ಚಾಗಲ್ಲ. ಐಫೋನ್ ಮೊದಲ ಸಲ ಚಾಲೂ ಆಗಲು, ಆಮೇಲೆ ಆಪುಗಳನ್ನು ಇಳಿಸಲು ಮಾತ್ರ ಇಂಟರ್‌ನೆಟ್ ಬೇಕು. ಮೊಬೈಲ್ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಊರಿನವರು ಇದನ್ನು ಪೇಟೆಯಲ್ಲಿ ವೈಫೈ ಇರುವ ನಂಟರ ಮನೆಯಲ್ಲಿ ಕೂತು ಮಾಡೋದು ಒಳ್ಳೇದು.

ಮೂವ್ ಟು ಐಒಎಸ್ ಪರದೆ ಮೇಲೇ ಇರಬೇಕು. ನಡುವೆ ಬೇರೆ ಆಪ್ ತೆರೆದರೆ, ಇಲ್ಲವೇ ಒಂದು ಕರೆ ಬಂದರೂ ಕೆಲಸ ಕೆಡುತ್ತೆ. ಇದು ಗೊತ್ತಿದ್ದೂ ನಾನು ಸಿಮ್ಮನ್ನು ಹಾಗೇ ಬಿಟ್ಟಿದ್ದೆ. ಅರ್ಧಕ್ಕಿಂತ ಹೆಚ್ಚು ಆಗಿತ್ತು, ಕರಿಮೆಣಸು ಕೊಳ್ಳುವವರ ಫೋನ್ ಬಂತು, ದೊಡ್ಡಪ್ಪ ಅಭ್ಯಾಸಬಲದಿಂದ ಎತ್ತಿದರು. ಮೆಣಸಿನ ರೇಟು ಸಿಕ್ಕಿತು, ಡೇಟಾ ಹೋಯಿತು. ಎರಡನೇ ಸಲ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ ಕೂತೆವು. ಇನ್ನೊಂದು ಮಾತು: ಹಳೇ ಫೋನಿನಲ್ಲಿ ಮುಗಿಯಿತು ಅಂತ ತೋರಿಸಿದರೂ ಐಫೋನಿನ ಗೀಟು ಕೊನೆ ಮುಟ್ಟುವವರೆಗೆ ಅಲ್ಲಾಡಿಸಬೇಡಿ. ನಮಗೆ ಅದು ಒಂದೂವರೆ ಗಂಟೆ ಹಿಡಿಯಿತು. ಮಧ್ಯೆ ಕರೆಂಟ್ ಹೋಯಿತು, ಬ್ಯಾಟರಿ ತುಂಬಿದ್ದರಿಂದ ಬಚಾವಾದೆವು.

ಆಮೇಲೆ ಐಫೋನಿನಲ್ಲಿ ವಾಟ್ಸಾಪ್ ತೆರೆದು ಅದೇ ನಂಬರ್ ಕೊಟ್ಟರೆ ಮಾತುಕತೆ, ಗುಂಪು, ಫೋಟೋ ಎಲ್ಲ ಬರುತ್ತೆ. ಯಾರ್‍ಯಾರಿಗೆ ವಾಟ್ಸಾಪ್ ಕರೆ ಮಾಡಿದ್ದಿರಿ ಅನ್ನುವ ಪಟ್ಟಿ ಬರಲ್ಲ.

ಐಫೋನನ್ನು ಆಗಲೇ ತಿಂಗಳುಗಟ್ಟಲೆ ಬಳಸಿಬಿಟ್ಟಿದ್ದೀರಿ, ಅಳಿಸಲು ಮನಸ್ಸಿಲ್ಲ ಅನ್ನುವುದಾದರೆ ಮುಖ್ಯವಾದ ಒಂದೆರಡು ಮಾತುಕತೆಗಳನ್ನು ಹಳೇ ಫೋನಿನಿಂದ ಎಕ್ಸ್‌ಪೋರ್ಟ್ ಚಾಟ್ ಮಾಡಿ ನಿಮಗೇ ಇಮೇಲ್ ಕಳಿಸಿಕೊಳ್ಳಿ. ಹೊಸ ವಾಟ್ಸಾಪಿನೊಳಗೆ ಅದು ಕೂರಲ್ಲ, ಓದಲಿಕ್ಕೆ ದಾಖಲೆ ಅಂತ ಇರುತ್ತೆ. ದುಡ್ಡು ಕೊಟ್ಟರೆ ಎಲ್ಲ ಸಾಗಿಸುತ್ತೇವೆ ಅನ್ನುವ ಕಂಡುಕೇಳರಿಯದ ಸಾಫ್ಟ್‌ವೇರುಗಳಿಗೆ ನಿಮ್ಮ ಇಡೀ ವಾಟ್ಸಾಪನ್ನು ಒಪ್ಪಿಸೋದು ನನಗಂತೂ ಸರಿ ಕಾಣಲ್ಲ.

ದುಡ್ಡಿನ ಗಂಟು

ಯುಪಿಐ ಪಿನ್ ಹೊಸದು ಮಾಡಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಪಿನ್ ಇರುವುದು ನಿಮ್ಮ ಬ್ಯಾಂಕ್ ಖಾತೆಗೆ, ಫೋನಿಗಲ್ಲ. ಹೊಸದಾಗಿ ಆಗಬೇಕಾದ್ದು ಫೋನ್ ಮತ್ತು ನಂಬರಿನ ಗಂಟು ಮಾತ್ರ. ಯುಪಿಐ ಆಪು ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸುತ್ತೆ. ಆ ಎಸ್ಸೆಮ್ಮೆಸ್ ಬ್ಯಾಂಕಿನಲ್ಲಿ ಬರೆಸಿದ ನಂಬರಿನಿಂದಲೇ ಬಂತು ಅಂತಾದರೆ, ಈ ಸಿಮ್ ಈ ಫೋನಿನಲ್ಲಿದೆ ಅಂತ ಅತ್ತಕಡೆ ಖಾತ್ರಿಯಾಗುತ್ತೆ.

ಆಂಡ್ರಾಯ್ಡ್‌ನಲ್ಲಿ ಒಂದು ಸಲ ಒಪ್ಪಿಗೆ ಕೊಟ್ಟರೆ ಆಪೇ ಅದನ್ನು ಸದ್ದಿಲ್ಲದೆ ಕಳಿಸಿಬಿಡುತ್ತೆ. ಐಫೋನಿನಲ್ಲಿ ಯಾವ ಆಪಿಗೂ ನಿಮ್ಮ ಹೆಸರಿನಲ್ಲಿ ಎಸ್ಸೆಮ್ಮೆಸ್ ಕಳಿಸುವ ಅಧಿಕಾರ ಇಲ್ಲ. ಅದು ಮೆಸೇಜ್ ಪರದೆಯನ್ನು ತೆರೆದು, ಯಾವುದೋ ಅಪರಿಚಿತ ನಂಬರಿಗೆ ಅರ್ಥವಿಲ್ಲದ ಅಕ್ಷರಗಳ ಸಾಲೊಂದನ್ನು ಬರೆದು ನಿಲ್ಲುತ್ತೆ. ಕಳಿಸುವ ಬಾಣವನ್ನು ನೀವೇ ಒತ್ತಬೇಕು. ಗುರುತಿಲ್ಲದ ನಂಬರಿಗೆ ಏನನ್ನೂ ಕಳಿಸಬೇಡಿ ಅಂತ ನಾವೇ ಹಿರಿಯರಿಗೆ ವರ್ಷಾನುಗಟ್ಟಲೆ ಪಾಠ ಹೇಳಿದ್ದೇವೆ. ದೊಡ್ಡಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿ, ನಾಲ್ಕು ಸಲವೂ ಕ್ಯಾನ್ಸಲ್ ಒತ್ತಿದ್ದರು. ಗೊಬ್ಬರದಂಗಡಿಗೆ ದುಡ್ಡು ಹೋಗದಿದ್ದದ್ದು ಇದಕ್ಕೇ. ನೆನಪಿಡಿ, ನೀವಾಗಿ ಆಪು ತೆರೆದು, ನೀವಾಗಿ ನಂಬರ್ ಸೇರಿಸಲು ಹೊರಟಾಗ ಈ ಪರದೆ ಬಂದರೆ ಮಾತ್ರ ಕಳಿಸಿ. ಯಾರೋ ಫೋನ್ ಮಾಡಿ, ನಿಮ್ಮ ಹೊಸ ಮೊಬೈಲಿಗೆ ಕೆವೈಸಿ ಆಗಬೇಕು, ಈ ಮೆಸೇಜ್ ಕಳಿಸಿ ಅಂದರೆ ಅದು ಮೋಸ. ಕಳಿಸಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಸ್ಸೆಮ್ಮೆಸ್ ಹೋಗದಿದ್ದರೆ ಎರಡು ಕಾರಣ ನೋಡಿ. ಎರಡು ಸಿಮ್ ಇದ್ದರೆ ಫೋನು ಬ್ಯಾಂಕಿನಲ್ಲಿ ಇಲ್ಲದ ನಂಬರಿನಿಂದ ಕಳಿಸುತ್ತಿರಬಹುದು. ಇಲ್ಲವೇ ನಿಮ್ಮ ರೀಚಾರ್ಜಿನಲ್ಲಿ ಎಸ್ಸೆಮ್ಮೆಸ್ಸೇ ಇಲ್ಲದಿರಬಹುದು. ಕಡಿಮೆ ದುಡ್ಡಿನ ಪ್ಯಾಕ್ ಹಾಕಿಸಿ ಬರೀ ಒಳಬರುವ ಕರೆಗೆ ಸಿಮ್ ಉಳಿಸಿಕೊಂಡವರಿಗೆ ಇದು ಆಗುತ್ತೆ.

ಗಂಟು ಬಿದ್ದ ಮೇಲೂ ಮೊದಲ ದಿನವೇ ದೊಡ್ಡ ಮೊತ್ತ ಹೋಗಲ್ಲ. ಹೊಸ ಫೋನಿನಲ್ಲಿ ಯುಪಿಐ ಶುರುಮಾಡಿದಾಗ ಸಾಮಾನ್ಯವಾಗಿ ಬ್ಯಾಂಕುಗಳು ಆಂಡ್ರಾಯ್ಡ್ ಆದರೆ 24 ಗಂಟೆ, ಐಫೋನ್ ಆದರೆ 72 ಗಂಟೆಯವರೆಗೆ 5,000 ರೂಪಾಯಿಗೇ ಕಡಿವಾಣ ಹಾಕುತ್ತವೆ. ಯಾರಾದರೂ ನಿಮ್ಮ ಸಿಮ್ ಕದ್ದು ತಮ್ಮ ಫೋನಿಗೆ ಹಾಕಿಕೊಂಡರೆ ಖಾತೆ ಒಂದೇ ಏಟಿಗೆ ಬರಿದಾಗಬಾರದು ಅನ್ನೋದು ಇದರ ಉದ್ದೇಶ. ಉದ್ದೇಶ ಒಳ್ಳೇದೇ, ಆದರೆ ಶನಿವಾರ ಹತ್ತು ಆಳಿಗೆ ಬಟವಾಡೆ ಮಾಡುವವರು ಶುಕ್ರವಾರ ಫೋನ್ ಬದಲಾಯಿಸಿದರೆ ಪಚೀತಿ. ಆ ವಾರ ದೊಡ್ಡಪ್ಪ ಪಾಸ್‌ಬುಕ್ ಹಿಡಿದು ಆಲ್ದೂರಿಗೆ ಹೋಗಿ ನಗದು ತಂದರು. ಶನಿವಾರದ ಲೆಕ್ಕ ಮುಗಿಸಿ ಭಾನುವಾರ ಬೆಳಿಗ್ಗೆ ಕೂತರೆ, ಬುಧವಾರದ ಹೊತ್ತಿಗೆ ಎಲ್ಲ ಸರಿಯಾಗಿರುತ್ತೆ. ತಲೆಬರಹದಲ್ಲಿ ಭಾನುವಾರ ಅಂದಿದ್ದು ಇದಕ್ಕೇ.

ಯುಪಿಐ ಲೈಟ್ ಬಳಸುವವರು ಇನ್ನೊಂದು ಕೆಲಸ ಮಾಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಲೈಟ್‌ನಲ್ಲಿ ಪಿನ್ ಇಲ್ಲದೆ ಸಣ್ಣ ಪಾವತಿ ಮಾಡಬಹುದು, 5,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು. ಆದರೆ ಆ ದುಡ್ಡು ಆ ಫೋನಿಗೆ ಕಟ್ಟುಬಿದ್ದಿರುತ್ತೆ. ಹಳೇ ಫೋನಿನಲ್ಲಿರುವಾಗಲೇ ಲೈಟ್ ಬಂದ್ ಮಾಡಿ, ಉಳಿದದ್ದನ್ನು ಬ್ಯಾಂಕ್ ಖಾತೆಗೆ ವಾಪಸ್ ಕಳಿಸಿಕೊಳ್ಳಿ. ದೊಡ್ಡಪ್ಪನದು ಆರುನೂರ ನಲವತ್ತು ರೂಪಾಯಿ ಇತ್ತು. "ಎರಡು ದಿನದ ಮೀನು ಸಾರು" ಅಂದರು.

ಬ್ಯಾಂಕಿನ ಸ್ವಂತ ಆಪುಗಳಿಗೆ ಪ್ರತ್ಯೇಕ ನೋಂದಣಿ. ಎಟಿಎಂ ಕಾರ್ಡು, ಅದರ ಪಿನ್, ಗ್ರಾಹಕ ಸಂಖ್ಯೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಹಾಗೇ, ಹೊಸ ಫೋನಿನ ಹುರುಪಿನಲ್ಲಿ ಅದೇ ದಿನ ಸಿಮ್ಮನ್ನು ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಬೇಡಿ. ಸಿಮ್ ಬದಲಾದರೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇಡಬೇಕು ಅಂತ 2022ರಲ್ಲಿ ಟೆಲಿಕಾಂ ಇಲಾಖೆ ಆದೇಶ ಮಾಡಿದೆ. ಎಸ್ಸೆಮ್ಮೆಸ್ ಇಲ್ಲ ಅಂದರೆ ಒಟಿಪಿ ಇಲ್ಲ, ಒಟಿಪಿ ಇಲ್ಲ ಅಂದರೆ ಮೇಲೆ ಹೇಳಿದ್ದು ಯಾವುದೂ ನಡೆಯಲ್ಲ.

ಉಳಿದ ಸಾಮಾನು

ಕಾಂಟ್ಯಾಕ್ಟುಗಳು ಮೂರು ಕಡೆ ಚದುರಿರುತ್ತವೆ: ಸಿಮ್ಮಿನಲ್ಲಿ ಒಂದಷ್ಟು, ಫೋನಿನಲ್ಲಿ ಒಂದಷ್ಟು, ಗೂಗಲ್ ಖಾತೆಯಲ್ಲಿ ಒಂದಷ್ಟು. ಹಳೇ ಫೋನಿನಲ್ಲೇ ಎಲ್ಲವನ್ನೂ ಗೂಗಲ್ ಖಾತೆಗೆ ಸರಿಸಿ, ಆಮೇಲೆ ಐಫೋನಿನಲ್ಲಿ ಅದೇ ಗೂಗಲ್ ಖಾತೆ ಸೇರಿಸಿ ಕಾಂಟ್ಯಾಕ್ಟ್ ಆನ್ ಮಾಡಿ. ಸಿಮ್ಮಿನಲ್ಲಿ ಹೆಸರಿಗೆ ಜಾಗ ಬಲು ಕಮ್ಮಿ, ಕನ್ನಡದಲ್ಲಿ ಬರೆದರೆ ಇನ್ನೂ ಕಮ್ಮಿ. "ಪಂಪ್‌ಸೆಟ್ ರಿಪೇರಿ" ಅನ್ನೋದು "ಪಂಪ್‌ಸೆ" ಅಂತ ನಿಂತಿತ್ತು. ಐಫೋನ್ ಸಿಮ್ಮಿನಿಂದ ಹೆಸರು ಓದಿಕೊಳ್ಳುತ್ತೆ, ಸಿಮ್ಮಿಗೆ ಬರೆಯಲ್ಲ.

ಫೋಟೋಗಳು ಆಗಲೇ ಗೂಗಲ್ ಫೋಟೋಸ್‌ನಲ್ಲಿದ್ದರೆ ಐಫೋನಿಗೂ ಅದೇ ಆಪ್ ಹಾಕಿದರಾಯಿತು. ಗೂಗಲ್ ಪುಕ್ಕಟೆ ಕೊಡೋದು ಜಿಮೇಲೂ ಸೇರಿ 15 ಜಿಬಿ, ಆಪಲ್ ಕೊಡೋದು 5 ಜಿಬಿ. ಎರಡರಲ್ಲೂ ಒಂದೇ ಫೋಟೋ ಏರುವ ಹಾಗೆ ಬಿಟ್ಟರೆ ಎರಡೂ ತುಂಬಿ, ಎರಡರಿಂದಲೂ ದುಡ್ಡು ಕಟ್ಟಿ ಅಂತ ಮೆಸೇಜ್ ಶುರು. ಒಂದನ್ನು ಆರಿಸಿ, ಇನ್ನೊಂದನ್ನು ಆಫ್ ಮಾಡಿ.

ಇಲ್ಲೊಂದು ಚಿಕ್ಕ ಕಿರಿಕಿರಿ ಇದೆ. 2017ರಿಂದೀಚೆಗೆ ಐಫೋನ್ ಕ್ಯಾಮೆರಾ ಫೋಟೋಗಳನ್ನು ಎಚ್‌ಇಐಸಿ ಅನ್ನುವ ನಮೂನೆಯಲ್ಲಿ ಉಳಿಸುತ್ತೆ. ಜಾಗ ಕಮ್ಮಿ ತಿನ್ನುತ್ತೆ, ಚೆನ್ನಾಗಿಯೂ ಇರುತ್ತೆ. ಆದರೆ ಐ.ಜಿ. ರಸ್ತೆಯ ಸೈಬರಿಗೆ ಹೋಗಿ ಅರ್ಜಿಗೆ ಫೋಟೋ ಕೊಟ್ಟರೆ, "ಸರ್, ಇದು ಓಪನ್ ಆಗ್ತಿಲ್ಲ, ಜೆಪಿಜಿ ಬೇಕು" ಅನ್ನುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿದರೆ ಇನ್ನು ಮುಂದಿನ ಫೋಟೋಗಳು ಜೆಪಿಜಿ ಆಗಿಯೇ ಬರುತ್ತವೆ.

ಕನ್ನಡ ಕೀಬೋರ್ಡ್: ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಕೀಬೋರ್ಡ್ಸ್, ಹೊಸದನ್ನು ಸೇರಿಸು, ಕನ್ನಡ. ಗ್ಲೋಬಿನ ಗುರುತು ಒತ್ತಿದರೆ ಭಾಷೆ ಬದಲಾಗುತ್ತೆ. ಒತ್ತಕ್ಷರಕ್ಕೆ ಕೈ ಕೂರಲು ಒಂದು ವಾರ ಬೇಕು.

ಕೈ ಕೂರುವ ಮಾತು ಬಂತಲ್ಲ, ಆಂಡ್ರಾಯ್ಡ್‌ನವರು ಮೊದಲ ವಾರ ಪೇಚಾಡುವುದು ಹಿಂದೆ ಹೋಗುವ ಗುಂಡಿಗೆ. ಐಫೋನಿನಲ್ಲಿ ಅದಿಲ್ಲ. ಎಡ ಅಂಚಿನಿಂದ ಬಲಕ್ಕೆ ಬೆರಳು ಸವರಬೇಕು, ಅದೂ ಎಲ್ಲ ಆಪಿನಲ್ಲೂ ಕೆಲಸ ಮಾಡಲ್ಲ. ಇನ್ನೊಂದು, ವಾಟ್ಸಾಪಿಗೆ ಬಂದ ಪಿಡಿಎಫ್ ಆಂಡ್ರಾಯ್ಡ್‌ನಲ್ಲಿ ಫೈಲ್ ಮ್ಯಾನೇಜರಿಗೆ ಹೋಗಿ ಹುಡುಕಿದರೆ ಸಿಗುತ್ತಿತ್ತು. ಐಫೋನಿನಲ್ಲಿ ಅದು ವಾಟ್ಸಾಪಿನ ಲೈನ್ ಮನೆಯೊಳಗೇ ಇರುತ್ತೆ. ಶೇರ್ ಒತ್ತಿ ಸೇವ್ ಟು ಫೈಲ್ಸ್ ಮಾಡಿದರೆ ಮಾತ್ರ ಹೊರಗೆ ಬರುತ್ತೆ. ಪಹಣಿ, ಸಾಲದ ಕಾಗದ, ವಿಮೆ ರಸೀದಿ ಬಂದ ತಕ್ಷಣ ಹೀಗೆ ತೆಗೆದಿಡೋದು ರೂಢಿಯಾಗಲಿ.

ಐಫೋನಿಂದ ಆಂಡ್ರಾಯ್ಡ್ ಕಡೆ ಬರುವವರಿಗೆ

ಇವರು ಕಮ್ಮಿ, ಆದರೂ ಇದ್ದಾರೆ. ಸಿಮ್ ತೆಗೆಯುವ ಮುಂಚೆ ಐಫೋನಿನಲ್ಲಿ ಐಮೆಸೇಜ್ (ಐಫೋನ್‌ನವರ ನಡುವೆ ಮೆಸೇಜ್ ಸಾಗಿಸುವ ಆಪಲ್‌ನದೇ ಸೇವೆ) ಆಫ್ ಮಾಡಿ. ಮಾಡದಿದ್ದರೆ ಬೇರೆ ಐಫೋನ್‌ನವರು ಕಳಿಸಿದ ಮೆಸೇಜು ನಿಮ್ಮ ಹಳೇ ಖಾತೆಯತ್ತಲೇ ಹೋಗಿ, ಹೊಸ ಫೋನಿಗೆ ಬಾರದೇ ಇರಬಹುದು. ವಾಟ್ಸಾಪ್ ಸಾಗಿಸಲು ಕೇಬಲ್ ಬೇಕು. 2021ರಲ್ಲಿ ಸ್ಯಾಮ್‌ಸಂಗ್ ಫೋನುಗಳಿಂದ ಈ ಸೌಲಭ್ಯ ಶುರುವಾಯಿತು, ಆಮೇಲೆ ಆಂಡ್ರಾಯ್ಡ್ 12 ಇರುವ ಬೇರೆ ಫೋನುಗಳಿಗೂ ಬಂತು. ಇಲ್ಲೂ ಅದೇ ನಿಯಮ, ಹೊಸ ಫೋನಿನ ಮೊದಲ ಸೆಟಪ್ಪಿನ ಹೊತ್ತಿನಲ್ಲೇ ಮಾಡಬೇಕು. ಐಕ್ಲೌಡ್‌ನಲ್ಲಿರುವ ಫೋಟೋಗಳನ್ನು ಗೂಗಲ್ ಫೋಟೋಸ್‌ಗೆ ನಕಲು ಮಾಡಿಕೊಡಿ ಅಂತ ಆಪಲ್‌ನ ಡೇಟಾ ಅಂಡ್ ಪ್ರೈವಸಿ ಪುಟದಲ್ಲೇ ಕೇಳಬಹುದು. ಮೂರರಿಂದ ಏಳು ದಿನ ಹಿಡಿಯುತ್ತೆ, ಗೂಗಲ್ ಕಡೆ ಅಷ್ಟು ಜಾಗ ಇರಬೇಕು.

ಹಳೇ ಫೋನ್ ಕೊಡುವ ಮುಂಚೆ

ಯಾರಿಗಾದರೂ ಕೊಡುವುದಿದ್ದರೆ ಮೊದಲು ಖಾತೆ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್. ಆಂಡ್ರಾಯ್ಡ್‌ನಲ್ಲಿ ಗೂಗಲ್ ಖಾತೆ, ಐಫೋನಿನಲ್ಲಿ ಆಪಲ್ ಖಾತೆ. ಖಾತೆ ತೆಗೆಯದೆ ಅಳಿಸಿದರೆ, ತೆಗೆದುಕೊಂಡವರು ಆನ್ ಮಾಡಿದಾಗ ಅದು ನಿಮ್ಮ ಪಾಸ್‌ವರ್ಡನ್ನೇ ಕೇಳಬಹುದು. ಇದು ಕಳ್ಳರಿಗೆ ಅಂತ ಇಟ್ಟ ಬೀಗ, ನಂಟರಿಗೂ ಹತ್ತುತ್ತೆ. ಮೆಮೊರಿ ಕಾರ್ಡ್ ಕಿತ್ತಿಟ್ಟುಕೊಳ್ಳಿ. *#06# ಒತ್ತಿದರೆ ಕಾಣುವ ಐಎಂಇಐ ಸಂಖ್ಯೆಯನ್ನು, ಹಳೇದರದ್ದೂ ಹೊಸದರದ್ದೂ, ಅದೇ ಡೈರಿಯಲ್ಲಿ ಬರೆದಿಡಿ. ಫೋನ್ ಕಳೆದರೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಬ್ಲಾಕ್ ಮಾಡಿಸಲು ಅದು ಬೇಕು.

ಆದರೆ ಆತುರ ಬೇಡ. ನಾನು ಎಲ್ಲರಿಗೂ ಹೇಳೋದು, ಹಳೇ ಫೋನನ್ನು ಸಿಮ್ ಇಲ್ಲದೆ ಒಂದು ತಿಂಗಳಾದರೂ ಮೇಜಿನ ಖಾನೆಯಲ್ಲಿಟ್ಟಿರಿ, ಆಗಾಗ ಚಾರ್ಜ್ ಮಾಡಿ. ದೊಡ್ಡಮ್ಮನ ತಂಗಿ ಮಗ ಎರಡು ಸಲ ಫೋನ್ ಮಾಡಿ ವಿಚಾರಿಸಿದ. ಕಾಯಿಸಿದೆವು.

ಹನ್ನೆರಡನೇ ದಿನ ದೊಡ್ಡಪ್ಪನಿಂದ ಮತ್ತೆ ಕರೆ. ಹೋದ ವರ್ಷ ಈ ನಕ್ಷತ್ರಕ್ಕೆ ಎಷ್ಟು ಮಳೆಯಾಗಿತ್ತು ಅಂತ ಪಕ್ಕದ ತೋಟದವರು ಕೇಳಿದ್ದಾರೆ, ಐಫೋನಿನಲ್ಲಿ ಹುಡುಕಿದರೆ ಸಿಗುತ್ತಿಲ್ಲ. ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಬರೆಯುತ್ತಿದ್ದದ್ದು ಹಳೇ ಫೋನಿನ ಕಂಪನಿಯದೇ ನೋಟ್ಸ್ ಆಪಿನಲ್ಲಿ. ಅದರ ಬೀಗದ ಕೈ ಮೂವ್ ಟು ಐಒಎಸ್ ಹತ್ತಿರ ಇರಲಿಲ್ಲ, ನಾನೂ ಕೇಳಿರಲಿಲ್ಲ. ಖಾನೆಯಿಂದ ಫೋನ್ ತೆಗೆದು ಆನ್ ಮಾಡಿದೆವು. ಮೂರು ವರ್ಷದ ಮಳೆ ಅಲ್ಲೇ ಇತ್ತು. ಒಂದೊಂದೇ ನೋಟನ್ನು ಪಿಡಿಎಫ್ ಮಾಡಿ ಅವರಿಗೆ ಮೇಲ್ ಕಳಿಸಿದೆ, ಐಫೋನಿನ ಫೈಲ್ಸ್‌ನಲ್ಲಿ ಮಳೆ ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಇಳಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ತಿಂಗಳು ತಿಂಗಳು ಎಣಿಸಿ ಸರಿ ಇದೆ ಅಂದ ಮೇಲೆ ಹಳೇದನ್ನು ರೀಸೆಟ್ ಮಾಡಿದೆ.